ಹಳೆ ಗಾಜಿನ ಭರಣಿಯಲ್ಲಿ ಕಬ್ಬಿನ ವಿನೆಗರ್ ಲೋಳೆಯಾಗುತ್ತಿದೆಯೇ? ದೋಷ ಹುಡುಕುವ ಬಗೆ

ಮೊದಲು ಲಕ್ಷಣ ಹೇಳುತ್ತೇನೆ. ಕಬ್ಬಿನ ಹಾಲನ್ನು ಕುದಿಸಿ, ಆರಿಸಿ, ಭರಣಿಗೆ ಸುರಿದು, ಈಸ್ಟ್ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದೆ. ಎರಡನೇ ದಿನ ಸಣ್ಣ ನೊರೆ ಕಾಣಿಸಿತು. ಮೂರನೇ ದಿನ ನೊರೆ ಸತ್ತುಹೋಯಿತು. ಸೌಟಿನಲ್ಲಿ ಎತ್ತಿದರೆ ಹಾಲು ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಎಳೆಯಾಗಿ ಇಳಿಯಿತು. ಕೆಟ್ಟ ವಾಸನೆ ಇರಲಿಲ್ಲ, ಮೇಲೆ ಬೂಷ್ಟೂ ಇರಲಿಲ್ಲ. ಬರೀ ಲೋಳೆ. ಐದು ಲೀಟರ್ ಹಾಲು ತೆಂಗಿನ ಬುಡಕ್ಕೆ ಹೋಯಿತು. ಭರಣಿ ತೊಳೆದು ಇನ್ನೊಂದು ಸಲ ಮಾಡಿದೆ. ಮತ್ತೆ ಅದೇ ಕಥೆ.

ನಾವಿರುವುದು ಮಂಡ್ಯದಲ್ಲಿ. ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಹುಟ್ಟಿದ ಊರು ಇದು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಕಡೆಯೆಲ್ಲ ಕಬ್ಬು. ಹಾಲು ಸಿಗುವುದು ಕಷ್ಟವಲ್ಲ. ಹಾಗಾಗಿ ಎರಡು ಸಲ ಕೆಟ್ಟಾಗ ನಾನು ನೇರವಾಗಿ ಹಾಲು ಕೊಟ್ಟವರ ಮೇಲೆ ಹೋದೆ. "ಹಳೇ ಕಬ್ಬು ಅರೆದ್ರಾ ಅಣ್ಣ?" ಅಂತ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ, "ಬೆಳಗ್ಗೆ ಕಡಿದ ಕಬ್ಬು ಅಕ್ಕ, ಬೇಕಾದ್ರೆ ನೀವೇ ನಿಂತು ಅರೆಸ್ಕೊಂಡು ಹೋಗಿ" ಅಂದರು. ಮನೆಗೆ ಬಂದಾಗ ಅತ್ತೆ ಒಂದೇ ಮಾತು ಹೇಳಿದರು: "ಆ ಭರಣೀಲಿ ಮೊದಲು ಏನಿತ್ತೋ ಯಾರಿಗೆ ಗೊತ್ತು ಕಣವ್ವ." ಆ ಭರಣಿ ಮೈಸೂರಿನ ಒಂದು ಗುಜರಿ ಅಂಗಡಿಯಿಂದ ತಂದದ್ದು. ಅಗಲ ಬಾಯಿ, ದಪ್ಪ ಗಾಜು, ನೋಡೋಕೆ ಚೆಂದ. ಅತ್ತೆಯ ಮಾತು ಹಿಡಿದು ಹುಡುಕಲು ಹೊರಟೆ. ನಿಮ್ಮ ಮನೆಯಲ್ಲಿ ವಿನೆಗರ್, ಕೊಂಬುಚಾ (ಹುಳಿ ಬರಿಸಿದ ಚಹಾ), ಶುಂಠಿ ಸೋಡಾ ಏನೇ ಹೀಗೆ ಕೆಡುತ್ತಿದ್ದರೂ ಇದೇ ದಾರಿಯಲ್ಲಿ ಹುಡುಕಬಹುದು. ಒಂದು ಮಾತು: ಮದ್ಯವನ್ನು ಲೈಸೆನ್ಸ್ ಇಲ್ಲದೆ ತಯಾರಿಸುವುದು ನಮ್ಮ ರಾಜ್ಯದ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ನಾನು ಮಾತಾಡುತ್ತಿರುವುದು ಅಡಿಗೆಮನೆಯ ಹುಳಿಯ ಬಗ್ಗೆ.

ಲೋಳೆ ಎಲ್ಲಿಂದ ಬರುತ್ತದೆ

ಕಬ್ಬಿನ ಹಾಲು ಲೋಳೆಯಾದರೆ ಸಾಮಾನ್ಯವಾಗಿ ಅದರ ಹಿಂದೆ ಇರುವುದು ಲ್ಯುಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದು ಸಕ್ಕರೆಯನ್ನು ತಿಂದು ಡೆಕ್ಸ್ಟ್ರಾನ್ ಎಂಬ ಅಂಟನ್ನು ಮಾಡುತ್ತದೆ. ಸಕ್ಕರೆ ಕಾರ್ಖಾನೆಯವರಿಗೆ ಇದು ಹಳೆಯ ಶತ್ರು. ಕಬ್ಬು ಕಡಿದ ಜಾಗದಲ್ಲಿ ಈ ಜೀವಿ ಒಳಗೆ ಹೋಗುತ್ತದೆ. ಟ್ರ್ಯಾಕ್ಟರ್‌ಗಳು ಗೇಟಿನ ಮುಂದೆ ದಿನಗಟ್ಟಲೆ ನಿಂತರೆ ಸಕ್ಕರೆ ಇಳುವರಿ ಬೀಳುವುದಕ್ಕೆ ಇದೂ ಒಂದು ಕಾರಣ.

ಆದರೆ ನಾನು ಹಾಲನ್ನು ಕುದಿಸಿದ್ದೆ. ಈ ಬ್ಯಾಕ್ಟೀರಿಯಾ ಕುದಿಯುವ ಬಿಸಿಯನ್ನು ತಡೆಯುವುದಿಲ್ಲ, ಸಾಯುತ್ತದೆ. ಅಂದಮೇಲೆ ಅದು ಕುದಿಸಿದ ನಂತರ ಎಲ್ಲಿಂದಲೋ ಸೇರಿಕೊಂಡಿದೆ. ಕುದಿಸಿದ ಮೇಲೆ ಹಾಲನ್ನು ಮುಟ್ಟಿದ್ದು ಏನೇನು? ಸೌಟು, ಆಲಿಕೆ, ಸೋಸುವ ಬಟ್ಟೆ, ಈಸ್ಟ್, ಭರಣಿ. ಇಷ್ಟೇ. ಹಾಲು ಕೊಟ್ಟ ಅಣ್ಣ ಈ ಪಟ್ಟಿಯಲ್ಲಿ ಇಲ್ಲ. ಮಾರನೇ ದಿನ ಹೋಗಿ ಅವರಿಗೆ ಹಾಗಂತ ಹೇಳಿ ಬಂದೆ.

ನೀವು ಹಾಲನ್ನು ಕುದಿಸದೆ ಹಸಿಯಾಗಿ ಹಾಕುವವರಾದರೆ ಈ ತೀರ್ಮಾನಕ್ಕೆ ಬರಲು ಆಗುವುದಿಲ್ಲ. ಮೊದಲು ಒಂದು ಸಲ ಕುದಿಸಿ ಮಾಡಿ ನೋಡಿ. ಲೋಳೆ ನಿಂತರೆ ದೋಷ ಹಾಲಿನಲ್ಲೋ ಗಾಣದಲ್ಲೋ ಇತ್ತು ಎಂದರ್ಥ. ನಿಲ್ಲದಿದ್ದರೆ ಮುಂದೆ ಓದಿ.

ಒಂದೇ ಹಾಲು, ಮೂರು ಪಾತ್ರೆ

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಪರೀಕ್ಷೆ. ಇದನ್ನು ಬಿಟ್ಟು ನೇರವಾಗಿ ತಿಕ್ಕಲು ಕೂರಬೇಡಿ. ಯಾವುದನ್ನು ತಿಕ್ಕಬೇಕು ಅಂತಲೇ ಗೊತ್ತಿಲ್ಲದೆ ಕೈ ನೋಯಿಸಿಕೊಳ್ಳುವುದು ಯಾಕೆ?

ಒಂದೂವರೆ ಲೀಟರ್ ಹಾಲು ಕುದಿಸಿ ಆರಿಸಿ. ಈಸ್ಟ್ ಕಲಸಿ. ಅದನ್ನು ಮೂರು ಸಮಭಾಗ ಮಾಡಿ. ಒಂದು ಭಾಗ ಅನುಮಾನದ ಭರಣಿಗೆ. ಇನ್ನೊಂದು ಹೊಸ ಗಾಜಿನ ಬಾಟಲಿಗೆ. ಇದನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿರಬೇಕು. ಮೂರನೆಯದು ಅದೇ ರೀತಿ ಕುದಿಸಿದ ಸ್ಟೀಲ್ ಡಬ್ಬಿಗೆ. ಮೂರಕ್ಕೂ ಒಂದೇ ಬಟ್ಟೆಯನ್ನು ಹರಿದು ಕಟ್ಟಿ. ಮೂರನ್ನೂ ಒಂದೇ ಕಡೆ ಇಡಿ. ಮೂರು ದಿನ ಕಾಯಿರಿ, ಆಮೇಲೆ ಚಮಚದಲ್ಲಿ ಎತ್ತಿ ನೋಡಿ.

ಮೂರೂ ಲೋಳೆಯಾದರೆ ಭರಣಿಯನ್ನು ಸುಮ್ನೆ ದೂರಬೇಡಿ. ಸೌಟು, ಆಲಿಕೆ, ಬಟ್ಟೆ, ಈಸ್ಟ್ ಪೊಟ್ಟಣ ನೋಡಿ. ಭರಣಿಯದು ಮಾತ್ರ ಲೋಳೆಯಾದರೆ ದೋಷ ಭರಣಿಯಲ್ಲಿದೆ. ಯಾವುದೂ ಆಗದಿದ್ದರೆ ಪರೀಕ್ಷೆಯನ್ನು ಇನ್ನೊಂದು ಸಲ ಮಾಡಿ. ನನ್ನ ಮನೆಯಲ್ಲಿ ಮೂರನೇ ದಿನ ಹೊಸ ಬಾಟಲಿಯಲ್ಲೂ ಸ್ಟೀಲ್ ಡಬ್ಬಿಯಲ್ಲೂ ನೊರೆ ಚೆನ್ನಾಗಿ ಉಕ್ಕುತ್ತಿತ್ತು. ಭರಣಿಯಲ್ಲಿ ಎಳೆ ಬಂತು.

ಗಾಜನ್ನು ಓದುವುದು

ಭರಣಿಯನ್ನು ಪೂರ್ತಿ ಒಣಗಿಸಿ. ಒದ್ದೆ ಗಾಜು ತನ್ನ ಎಲ್ಲ ಕಲೆಗಳನ್ನೂ ಮುಚ್ಚಿಡುತ್ತದೆ. ಒಣಗಿದ ಮೇಲೆ ಬಿಸಿಲಿನಲ್ಲಿ ಹಿಡಿಯಿರಿ, ಅಥವಾ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ತಳದಿಂದ ಬಿಡಿ. ಅನುಮಾನ ಇರುವ ಕಡೆಯೆಲ್ಲ ಬೆರಳು ಆಡಿಸಿ.

ಜಾಸ್ತಿ ಜನ ಎಡವುವುದು ಬಿಳಿ ಮಬ್ಬಿನ ಹತ್ತಿರ. ಹೊರಗಿಂದ ನೋಡಿದರೆ ಎಲ್ಲ ಬಿಳಿಯೂ ಒಂದೇ. ಒಳಗೆ ಬೇರೆ ಬೇರೆ.

ಒಂದು ಬಗೆ ಬೋರ್‌ವೆಲ್ ನೀರಿನ ಗಸಿ. ಬಿಸಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಸುಣ್ಣದ ಪದರ. ಇದರ ಮೇಲೆ ವಿನೆಗರಿನ ಎರಡು ಹನಿ ಬಿಟ್ಟರೆ ಸಣ್ಣ ಗುಳ್ಳೆ ಏಳುತ್ತವೆ. ಸ್ವಲ್ಪ ಹೊತ್ತಿಗೆ ಕರಗುತ್ತದೆ. ಇದಕ್ಕೆ ಭಯವಿಲ್ಲ. ಆದರೆ ಬಿಡಬಾರದು, ಏಕೆಂದರೆ ಅದರ ಒರಟು ಮೈಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಮೇಲಾಗಿ ನೀವು ಮಾಡುವ ವಿನೆಗರನ್ನೇ ಆ ಸುಣ್ಣ ತಿಂದು ಹುಳಿ ಕಡಿಮೆ ಮಾಡುತ್ತದೆ.

ಎರಡನೆಯದು ತೊಳೆದ ಸೋಪಿನ ಅಥವಾ ವಾಷಿಂಗ್ ಸೋಡಾದ ಉಳಿಕೆ. ಬೆರಳಿಗೆ ಪುಡಿಯಾಗಿ ಬರುತ್ತದೆ. ನೆಕ್ಕಿ ನೋಡಬೇಡಿ, ಬೆರಳು ಉಜ್ಜಿದರೆ ಸಾಕು, ಜಾರುವ ಹಾಗೆ ಇರುತ್ತದೆ. ಗಡಸು ನೀರಿನಲ್ಲಿ ಸೋಡಾ ಹಾಕಿದರೆ ಇದು ಬಂದೇ ಬರುತ್ತದೆ.

ಮೂರನೆಯದು ಗಾಜೇ ಸವೆದಿರುವುದು. ಒದ್ದೆ ಮಾಡಿದರೆ ಮಬ್ಬು ಮಾಯವಾಗುತ್ತದೆ, ಒಣಗಿದರೆ ಮತ್ತೆ ಬರುತ್ತದೆ. ವಿನೆಗರ್ ಹಾಕಿದರೂ ಗುಳ್ಳೆ ಇಲ್ಲ, ಬದಲಾವಣೆ ಇಲ್ಲ. ಕೆಲವು ಸಲ ಎಣ್ಣೆ ಚೆಲ್ಲಿದ ರಸ್ತೆಯ ಮೇಲಿನ ಬಣ್ಣಗಳ ಹಾಗೆ ಏಳು ಬಣ್ಣ ಹೊಳೆಯುತ್ತದೆ. ವರ್ಷಗಟ್ಟಲೆ ಒಳಗೆ ನೀರು ನಿಂತೋ, ವಾಷಿಂಗ್ ಸೋಡಾದಂಥ ಕ್ಷಾರದಲ್ಲಿ ನೆನೆದೋ ಗಾಜಿನ ಮೇಲ್ಪದರ ಹಾಳಾಗಿರುತ್ತದೆ. ಇದನ್ನು ಯಾವ ತೊಳೆತವೂ ಸರಿ ಮಾಡುವುದಿಲ್ಲ. ಅಂಥ ಭರಣಿಯಲ್ಲಿ ಹುಳಿ ಇಡಬೇಡಿ.

ನನ್ನ ಭರಣಿಯಲ್ಲಿ ಕುತ್ತಿಗೆ ಹತ್ತಿರ ಸುಣ್ಣದ ಗಸಿ ಇತ್ತು. ಭುಜದ ಒಳಮಡಿಕೆಯಲ್ಲಿ, ಕೈ ಸುಲಭವಾಗಿ ತಲುಪದ ಜಾಗದಲ್ಲಿ, ಬಣ್ಣವಿಲ್ಲದ ತೆಳು ಪೊರೆ ಇತ್ತು. ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ಸಿಕ್ಕಿತು. ಒಣಗಿದಾಗ ಅಂಟಿನ ಹಾಗೆ ಗಟ್ಟಿ, ನೀರು ತಾಗಿದರೆ ಜಾರು. ಎರಡು ಸಲ ಲೋಳೆಯಾದಾಗ ಉಳಿದ ಡೆಕ್ಸ್ಟ್ರಾನ್ ಅದು. ಮಾಮೂಲಿ ಸೋಪಿನ ತೊಳೆತಕ್ಕೆ ಹೋಗಿರಲಿಲ್ಲ. ಅದರೊಳಗೆ ಅವಿತುಕೊಂಡ ಬ್ಯಾಕ್ಟೀರಿಯಾಗೆ ಬಿಸಿಯಾಗಲಿ ಕ್ಲೋರಿನ್ ಆಗಲಿ ಸುಲಭವಾಗಿ ತಾಗುವುದಿಲ್ಲ. ನಾನು ಪ್ರತಿ ಸಲ ಕುದಿಸಿ ಶುದ್ಧ ಮಾಡಿದ ಹಾಲನ್ನು ತಂದು ಅದರ ಬಾಯಿಗೇ ಹಾಕುತ್ತಿದ್ದೆ.

ಎಣ್ಣೆ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ. ಉಪ್ಪಿನಕಾಯಿ ಇಟ್ಟಿದ್ದ ಭರಣಿಯಲ್ಲಿ ಇದ್ದೇ ಇರುತ್ತದೆ. ಒಳಗೆ ನೀರು ಸುತ್ತಿಸಿ ಚೆಲ್ಲಿ. ಶುದ್ಧ ಗಾಜಿನ ಮೇಲೆ ನೀರು ಒಂದೇ ಹಾಳೆಯಾಗಿ ಇಳಿಯುತ್ತದೆ. ಜಿಡ್ಡಿದ್ದ ಕಡೆ ಹನಿ ಹನಿಯಾಗಿ ಒಡೆಯುತ್ತದೆ, ಕೆಸುವಿನೆಲೆಯ ಮೇಲಿನ ಹಾಗೆ.

ವಾಸನೆಗೆ ಒಂದು ರಾತ್ರಿ ಬೇಕು. ಉಗುರು ಬೆಚ್ಚಗಿನ ನೀರು ಅರ್ಧ ತುಂಬಿ ಮುಚ್ಚಿಡಿ. ಬೆಳಗ್ಗೆ ಮುಚ್ಚಳ ತೆಗೆದ ಕೂಡಲೇ ಮೂಗು ಹತ್ತಿರ ತನ್ನಿ. ಇಂಗು, ಮೆಂತ್ಯ, ಬೆಳ್ಳುಳ್ಳಿಯ ವಾಸನೆ ಬಂದರೆ ಮುಚ್ಚಳ ಬದಲಿಸಿ ಮತ್ತೆ ನೋಡಿ. ಗಾಜು ವಾಸನೆ ಹೀರುವುದಿಲ್ಲ. ಹೀರುವುದು ಮುಚ್ಚಳದ ರಬ್ಬರ್, ಪ್ಲಾಸ್ಟಿಕ್ ಮತ್ತು ಬಿರಡೆ. ಗುಜರಿ ಭರಣಿಯ ಹಳೆ ರಬ್ಬರ್ ವಾಷರನ್ನು ಉಳಿಸಿಕೊಳ್ಳುವ ಆಸೆ ಬೇಡ, ಹೊಸದು ಹಾಕಿ.

ಯಾವುದನ್ನು ಮನೆಯೊಳಗೇ ತರಬಾರದು

ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಕಂದು ಬಣ್ಣದ ಲ್ಯಾಬ್ ಬಾಟಲಿ, ಆಸಿಡ್ ಬಾಟಲಿ, ಫಿನೈಲ್, ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ಔಷಧಿ ಇದ್ದ ಬಾಟಲಿ ಯಾವುದೂ ಬೇಡ. ಎಷ್ಟು ತೊಳೆದರೂ ಬೇಡ. ನಮ್ಮದು ಗದ್ದೆ ಕಬ್ಬಿನ ಸೀಮೆ. ಹೊಲದ ಔಷಧಿಯನ್ನು ಸಣ್ಣ ಬಾಟಲಿಗೆ ಬಗ್ಗಿಸಿ ಇಟ್ಟುಕೊಳ್ಳುವ ಅಭ್ಯಾಸ ಇನ್ನೂ ಇದೆ. ಆಮೇಲೆ ಅದೇ ಬಾಟಲಿ ಗುಜರಿಗೆ ಹೋಗುತ್ತದೆ. ವಾಸನೆ ಇಲ್ಲ ಎಂದರೆ ವಿಷ ಇಲ್ಲ ಎಂದಲ್ಲ. ನನಗೆ ಭರಣಿ ಮಾರಿದವರು "ತಗೊಳಿ ಅಕ್ಕ, ಏನೂ ಆಗಲ್ಲ" ಅಂದಿದ್ದರು. ಈಗ ನಾನು ಬೇರೆ ಥರ ಕೇಳುತ್ತೇನೆ: ಇದು ಯಾವ ಮನೆಯಿಂದ ಬಂತು, ಏನು ಹಾಕಿದ್ದರು? ಉತ್ತರ ಗೊತ್ತಿಲ್ಲದಿದ್ದರೆ ಕೊಳ್ಳುವುದಿಲ್ಲ.

ಬಹಳ ಭಾರವಾದ, ಬೆಳಕಿಗೆ ಮಿನುಗುವ ಕೆತ್ತನೆ ಗಾಜಿನ ಹೂಜಿಗಳಲ್ಲಿ ಸೀಸ ಇರಬಹುದು. ಹುಳಿ ಆ ಸೀಸವನ್ನು ಕರಗಿಸಿ ಎಳೆಯುತ್ತದೆ. ಹಳೆಯ ಪಿಂಗಾಣಿ ಜಾಡಿಗಳ ಮೆರುಗಿನಲ್ಲೂ ಸೀಸ ಇರುವ ಸಾಧ್ಯತೆ ಇದೆ. ಅಜ್ಜಿ ಕಾಲದ ಜಾಡಿ ಎಂಬ ಪ್ರೀತಿ ನನಗೂ ಇದೆ. ಆದರೆ ತಿಂಗಳುಗಟ್ಟಲೆ ವಿನೆಗರ್ ಇಡಲು ಅದು ತಕ್ಕದ್ದಲ್ಲ. ಒಳಮೈಗೆ ಬಣ್ಣ ಬಳಿದ ಗಾಜೂ ಬೇಡ.

ಬಾಯಿಯ ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ, ತಳದಲ್ಲಿ ನಕ್ಷತ್ರದ ಹಾಗೆ ಬಿರುಕಿದ್ದರೆ ಬಿಟ್ಟುಬಿಡಿ. ಉಗುರಿಗೆ ಸಿಗುವಷ್ಟು ಆಳದ ಗೀರು ಒಳಗಿದ್ದರೂ ಬಿಡಿ.

ಶುಂಠಿ ಸೋಡಾ ಮಾಡುವವರಿಗೆ ಇನ್ನೊಂದು ಮುಖ್ಯ ವಿಷಯ. ಮುಚ್ಚಿದ ಬಾಟಲಿಯಲ್ಲಿ ಈಸ್ಟ್ ಕೆಲಸ ಮಾಡಿದರೆ ಗ್ಯಾಸ್ ಒತ್ತಡ ಏರುತ್ತದೆ. ಜಾಮ್ ಬಾಟಲಿ, ಚೌಕ ಬಾಟಲಿ, ತೆಳು ಗಾಜಿನ ಬಾಟಲಿ ಸಿಡಿಯುತ್ತವೆ. ಚೂರು ಕಣ್ಣಿಗೆ ಹೋದರೆ ಕಣ್ಣೇ ಹೋಗಬಹುದು. ಸೋಡಾಗೆಂದೇ ಮಾಡಿದ ದಪ್ಪ ಗಾಜಿನ ಬಾಟಲಿ ಮಾತ್ರ ಬಳಸಿ. ಅದರಲ್ಲೂ ಹೊರಮೈ ಪೂರಾ ಗೀಚಿಹೋಗಿದ್ದರೆ ಬೇಡ, ಗೀರುಗಳು ಗಾಜಿನ ಬಲ ತಗ್ಗಿಸುತ್ತವೆ. ನಾನಂತೂ ಶುಂಠಿ ಸೋಡಾಗೆ ಹಳೆ ಗಾಜನ್ನು ಬಳಸುವುದೇ ಇಲ್ಲ. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ ಸಾಕು. ಹಿಸುಕಿ ನೋಡಿದರೆ ಒತ್ತಡ ಎಷ್ಟಿದೆ ಎಂದು ಕೈಗೇ ತಿಳಿಯುತ್ತದೆ.

ತೊಳೆಯುವ ಕ್ರಮ

ಕ್ರಮ ತಪ್ಪಿದರೆ ಶ್ರಮ ವ್ಯರ್ಥ. ಮೊದಲು ಜಿಡ್ಡು ಮತ್ತು ಲೋಳೆ, ಆಮೇಲೆ ಗಸಿ, ಕೊನೆಗೆ ಕ್ರಿಮಿ. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದರ ಬಲವೆಲ್ಲ ಕೊಳೆಗೇ ಖರ್ಚಾಗುತ್ತದೆ.

ಲೋಳೆಗೆ ವಾಷಿಂಗ್ ಸೋಡಾ ಒಳ್ಳೆಯದು. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಅಡಿಗೆ ಸೋಡಾ ಬೇರೆ, ಅದಕ್ಕೆ ಇಷ್ಟು ಬಲವಿಲ್ಲ. ಒಂದು ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ ಸೋಡಾ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬೇಡಿ, ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ. ಸ್ಟೀಲ್ ಪಾತ್ರೆ ಆಗಬಹುದು. ಭರಣಿಗೆ ಮೊದಲು ಬೆಚ್ಚಗಿನ ನೀರು ಹಾಕಿ ಗಾಜನ್ನು ಬಿಸಿಗೆ ಹೊಂದಿಸಿ, ಆಮೇಲೆ ಸೋಡಾ ನೀರು ತುಂಬಿ. ತಣ್ಣನೆಯ ದಪ್ಪ ಗಾಜಿಗೆ ಕುದಿಯುವ ನೀರು ಸುರಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಠಪ್ ಎಂದು ಸೀಳುತ್ತದೆ. ತೆಳು ಲೋಟಕ್ಕಿಂತ ದಪ್ಪ ಭರಣಿಗೇ ಈ ಅಪಾಯ ಜಾಸ್ತಿ.

ಒಂದು ರಾತ್ರಿ ನೆನೆಯಲಿ. ಬೆಳಗ್ಗೆ ಬಾಟಲಿ ಬ್ರಷ್‌ನಿಂದ ತಿಕ್ಕಿ. ಬ್ರಷ್ ತಲುಪದ ಭುಜಕ್ಕೆ ಒಂದು ಹಿಡಿ ಅಕ್ಕಿ, ಸ್ವಲ್ಪ ಕಲ್ಲುಪ್ಪು, ಒಂದು ಲೋಟ ನೀರು ಹಾಕಿ ಸುತ್ತಿಸಿ ಸುತ್ತಿಸಿ ಅಲ್ಲಾಡಿಸಿ. ನಮ್ಮತ್ತೆ ಹೇಳಿಕೊಟ್ಟದ್ದು ಇದು. ಅಕ್ಕಿ ಗಾಜನ್ನು ಗೀಚದೆ ಪೊರೆ ಎಬ್ಬಿಸುತ್ತದೆ. ಮರಳು, ಸ್ಟೀಲ್ ಸ್ಕ್ರಬ್ಬರ್ ಮುಟ್ಟಬೇಡಿ. ಅವು ಮಾಡುವ ಒಂದೊಂದು ಗೀರೂ ನಾಳೆ ಬ್ಯಾಕ್ಟೀರಿಯಾದ ಮನೆ. ನನಗೆ ಎರಡು ರಾತ್ರಿ ನೆನೆಸಬೇಕಾಯಿತು. ಬೆರಳಿಗೆ ಜಾರು ಸಿಗದೆ, ಗಾಜು ಕಿರುಗುಟ್ಟಿದಾಗ ಪೊರೆ ಹೋಗಿದೆ ಎಂದು ತಿಳಿಯಿತು. ಆದರೆ ವಾರಗಟ್ಟಲೆ ಸೋಡಾದಲ್ಲಿ ಬಿಡಬೇಡಿ, ಗಾಜೇ ಸವೆಯುತ್ತದೆ.

ಚೆನ್ನಾಗಿ ತೊಳೆದ ಮೇಲೆ ಗಸಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಲೀಟರಿಗೆ ಎರಡು ದೊಡ್ಡ ಚಮಚ, ಬೆಚ್ಚಗಿನ ನೀರು, ಎರಡು ಗಂಟೆ. ಬಿಳಿ ವಿನೆಗರೂ ಆಗುತ್ತದೆ. ಬೋರ್‌ವೆಲ್ ನೀರಿನ ಕಬ್ಬಿಣದ ಕಂದು ಕಲೆಯೂ ಇದಕ್ಕೇ ಹೋಗುತ್ತದೆ. ಸೋಡಾದ ಬಿಳಿ ಉಳಿಕೆಯನ್ನೂ ಇದು ತೆಗೆಯುತ್ತದೆ.

ಕ್ರಿಮಿ ಕೊಲ್ಲಲು ಚಿಕ್ಕ ಬಾಟಲಿಯಾದರೆ ಕುದಿಸುವುದೇ ಸುಲಭ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಿನಲ್ಲಿ ಬಾಟಲಿ ಮುಳುಗಿಸಿ, ಸಣ್ಣ ಉರಿಯಲ್ಲಿ ಏರಿಸಿ, ಕುದಿ ಬಂದ ಮೇಲೆ 10 ನಿಮಿಷ ಬಿಡಿ. ಆ ನೀರಿನಲ್ಲೇ ಆರಲಿ. ದೊಡ್ಡ ಭರಣಿಯನ್ನು ಕುದಿಸಲು ಆಗುವುದಿಲ್ಲ. ಅದಕ್ಕೆ ಸೆಂಟ್ ಇಲ್ಲದ ಮನೆಬಳಕೆಯ ಬ್ಲೀಚ್, ಸುಮಾರು 5 ಪರ್ಸೆಂಟಿನದು, ಒಂದು ಲೀಟರ್ ತಣ್ಣೀರಿಗೆ ಒಂದು ಚಿಕ್ಕ ಚಮಚ. ಒಳಮೈಗೆಲ್ಲ ತಾಗುವ ಹಾಗೆ 10 ನಿಮಿಷ. ಆಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಮೂರು ಸಲ ಜಾಲಿಸಿ. ಬ್ಲೀಚ್ ಉಳಿದರೆ ನಿಮ್ಮ ಈಸ್ಟೂ ಸಾಯುತ್ತದೆ.

ಇದನ್ನು ಮಾತ್ರ ಮರೆಯಬೇಡಿ. ಬ್ಲೀಚನ್ನು ವಿನೆಗರ್ ಜೊತೆ, ನಿಂಬೆ ಉಪ್ಪಿನ ಜೊತೆ ಎಂದೂ ಸೇರಿಸಬಾರದು. ಕ್ಲೋರಿನ್ ಗ್ಯಾಸ್ ಹೊರಡುತ್ತದೆ, ಉಸಿರಾಟಕ್ಕೆ ಅಪಾಯ. ಒಂದನ್ನು ಪೂರ್ತಿ ತೊಳೆದ ಮೇಲೆ ಇನ್ನೊಂದು. ಬೇರೆ ಬೇರೆ ದಿನ ಮಾಡಿದರೆ ಇನ್ನೂ ಒಳ್ಳೆಯದು, ಅಲ್ವಾ?

ಜಾಲಿಸುವ ನೀರಿನ ಬಗ್ಗೆಯೂ ಒಂದು ಮಾತು. ನಲ್ಲಿಯಲ್ಲಿ ಕಾವೇರಿ ನೀರು ಬರುವ ದಿನ ಈ ಕೆಲಸ ಇಟ್ಟುಕೊಳ್ಳಿ. ಬೋರ್‌ವೆಲ್ ನೀರಿನಲ್ಲಿ ಜಾಲಿಸಿ ಒಣಗಿಸಿದರೆ ಬಿಳಿ ಚುಕ್ಕಿ ಮತ್ತೆ ಕೂರುತ್ತದೆ. ಬಟ್ಟೆಯಿಂದ ಒರೆಸಬೇಡಿ. ಬೋರಲು ಹಾಕಿ ತಾನೇ ಒಣಗಲಿ.

ಒಣಗಿದ ಮೇಲೆ ಪರೀಕ್ಷೆ ಮತ್ತೆ ಮಾಡಿ. ಅರ್ಧ ಲೀಟರ್ ಹಾಲು ಭರಣಿಗೆ, ಅರ್ಧ ಲೀಟರ್ ಹೊಸ ಬಾಟಲಿಗೆ. ನನ್ನದರಲ್ಲಿ ಈ ಸಲ ಎರಡೂ ಒಂದೇ ಥರ ನೊರೆ ಕಟ್ಟಿದವು. ಚಮಚದಿಂದ ಹಾಲು ನೀರಿನ ಹಾಗೆ ಇಳಿಯಿತು. ಆಮೇಲೆಯೇ ಐದು ಲೀಟರ್ ಹಾಕಿದ್ದು. ನೊರೆ ನಿಂತ ಮೇಲೆ ಹಿಂದೆ ಮಾಡಿಟ್ಟ, ಕುದಿಸದ ವಿನೆಗರ್ ಒಂದು ಲೋಟ ಸೇರಿಸಿ, ಗಾಳಿಯಾಡುವ ಹಾಗೆ ಬಟ್ಟೆ ಕಟ್ಟಿ ಇಟ್ಟೆ. ಹುಳಿ ಮಾಡುವ ಬ್ಯಾಕ್ಟೀರಿಯಾಗೆ ಗಾಳಿ ಬೇಕೇ ಬೇಕು.

ಮೇಲೆ ಬಿಳಿ ಸುಕ್ಕು ಪೊರೆ ಬಂದರೆ ಗಾಬರಿ ಬೇಡ, ಅದು ಕಾಡು ಈಸ್ಟ್. ತೆಗೆದು ಹಾಕಿ ಮುಂದುವರಿಸಬಹುದು, ರುಚಿ ಸ್ವಲ್ಪ ಇಳಿಯುತ್ತದೆ ಅಷ್ಟೇ. ಹಸಿರು, ಕಪ್ಪು ಬಣ್ಣದ, ಹತ್ತಿಯ ಹಾಗೆ ಒಣಗಿದ ಬೂಷ್ಟು ಬಂದರೆ ಪೂರಾ ಚೆಲ್ಲಿ. ಮೇಲಿನದು ತೆಗೆದು ಉಳಿದದ್ದು ಬಳಸುವ ಆಸೆ ಬೇಡ.

ಇಷ್ಟೆಲ್ಲ ಮಾಡಿಯೂ ಲೋಳೆ ಬಂದರೆ ಸೋಸುವ ಬಟ್ಟೆ ನೋಡಿ. ನಮ್ಮ ಮನೆಯಲ್ಲಿ ಹಾಲು ಸೋಸಿದ ಬಟ್ಟೆಯನ್ನು ತಣ್ಣೀರಿನಲ್ಲಿ ಹಿಂಡಿ ಒಲೆ ಪಕ್ಕ ನೇತುಹಾಕುತ್ತಿದ್ದೆವು. ಅದರ ನೂಲಿನೊಳಗೂ ಇದೇ ಪೊರೆ ಕೂರಬಹುದು. ಈಗ ಪ್ರತಿ ಸಲ ಸೋಡಾ ನೀರಿನಲ್ಲಿ ಕುದಿಸುತ್ತೇನೆ, ಮೂರು ತಿಂಗಳಿಗೊಮ್ಮೆ ಹೊಸ ತುಂಡು ಹರಿದುಕೊಳ್ಳುತ್ತೇನೆ. ಆಲಿಕೆಯ ಕೊಳವೆ ಒಳಗೂ ಒಂದು ಸಲ ಬೆರಳು ಹಾಕಿ ನೋಡಿ.